ಹೆರಿಗೆ ಕೋಣೆಯಲ್ಲಿ ಪಕ್ಕದಲ್ಲಿ ಕೂರುವವರು ಬೇಕು

ಮಾನ್ಯ ಸಂಪಾದಕರೆ,

ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆಗಳು ಹೆಚ್ಚುತ್ತಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಖಾಸಗಿ ಆಸ್ಪತ್ರೆಯವರು ದುಡ್ಡಿಗಾಗಿ ಹೊಟ್ಟೆ ಕೊಯ್ಯುತ್ತಾರೆ ಎಂಬುದು ಒಂದು. ಈಗಿನ ಹೆಣ್ಣುಮಕ್ಕಳಿಗೆ ನೋವು ತಿನ್ನುವ ತಾಳ್ಮೆಯಿಲ್ಲ ಎಂಬುದು ಮತ್ತೊಂದು. ಹಾಸನ ಜಿಲ್ಲೆಯ ಉಪಕೇಂದ್ರಗಳಲ್ಲಿ, ಆಮೇಲೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಒಟ್ಟು 33 ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ ಈ ಎರಡೂ ಮಾತುಗಳನ್ನು ಕೇಳಿದರೆ ಬೇಸರವಾಗುತ್ತದೆ. ಎರಡನೆಯದಂತೂ ಸುಳ್ಳು. ಮೊದಲನೆಯದರಲ್ಲಿ ನಿಜದ ಅಂಶವಿದ್ದರೂ ಅದು ರೋಗದ ಬೇರಿನವರೆಗೆ ಇಳಿಯುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ, ಹದಿನಾಲ್ಕು ತಿಂಗಳ ಅಂತರದಲ್ಲಿ, ನಾನು ನಮ್ಮ ಮನೆಯ ಎರಡು ಬಾಣಂತನಗಳನ್ನು ಮಾಡಿದೆ. ಒಂದು ನೆದರ್ಲೆಂಡ್ಸಿನ ಐಂಡ್‌ಹೋವನ್ ಎಂಬ ಊರಿನಲ್ಲಿರುವ ಮಗಳದು, ಇನ್ನೊಂದು ಬೆಂಗಳೂರಿನಲ್ಲಿರುವ ಸೊಸೆಯದು. ಸೊಸೆಗೆ ತಾಯಿಯಿಲ್ಲದ ಕಾರಣ ಆ ಕೆಲಸವೂ ನನ್ನ ಪಾಲಿಗೆ ಬಂತು. ಇವೆರಡನ್ನೂ ನನ್ನ ಸೇವೆಯ ವರ್ಷಗಳ ಪಕ್ಕದಲ್ಲಿಟ್ಟು ನೋಡಿದ ಮೇಲೆ, ಬೇರೆ ಬೇರೆ ದೇಶಗಳವರು ಹೆರಿಗೆಯನ್ನು ಹೇಗೆ ನಡೆಸುತ್ತಾರೆ ಎಂಬುದನ್ನು ಓದಿ ತಿಳಿದ ಮೇಲೆ, ಈ ಪತ್ರವನ್ನು ಬರೆಯದೆ ಇರಲಾಗಲಿಲ್ಲ.

ಮಗಳು ಬಸುರಿಯಾದ ಸುದ್ದಿ ತಿಳಿಸಿದ ದಿನ, ಯಾವ ಲೇಡಿ ಡಾಕ್ಟರಿಗೆ ತೋರಿಸುತ್ತಿದ್ದೀಯ ಎಂದು ಕೇಳಿದೆ. "ಡಾಕ್ಟರಿಗಲ್ಲಮ್ಮ, ಇಲ್ಲಿ ಮಿಡ್‌ವೈಫ್ ಹತ್ತಿರಾನೇ ಹೋಗೋದು" ಎಂದಳು. ಆಕೆಗೆ ಯಾರೋ ಮೋಸ ಮಾಡುತ್ತಿದ್ದಾರೆ ಎಂದೇ ನನಗೆ ಅನ್ನಿಸಿತು. ಆ ದೇಶದಲ್ಲಿ ತೊಡಕಿಲ್ಲದ ಬಸುರಿ ಪ್ರಸೂತಿ ತಜ್ಞರ ಮುಖವನ್ನೇ ನೋಡದೆ ಹೆತ್ತು ಮನೆಗೆ ಹೋಗುವುದು ವಾಡಿಕೆ ಎಂದು ಆಮೇಲೆ ತಿಳಿಯಿತು. ಅಲ್ಲಿಯ ಮಿಡ್‌ವೈಫ್ ನಮ್ಮ ಹಳ್ಳಿಗಳ ಸೂಲಗಿತ್ತಿಯರ ಹಾಗೆ ಅನುಭವದಿಂದ ಮಾತ್ರ ಕಲಿತವಳಲ್ಲ, ನರ್ಸಿಂಗ್ ಓದಿ ಆಮೇಲೆ ಹೆರಿಗೆ ಕಲಿತವಳೂ ಅಲ್ಲ. ನಾಲ್ಕು ವರ್ಷ ಹೆರಿಗೆಯ ವಿದ್ಯೆಯೊಂದನ್ನೇ ಕಲಿತು, ತನ್ನದೇ ಹೊಣೆಯ ಮೇಲೆ ಕೆಲಸ ಮಾಡುವವಳು. ಯಾವ ಬಸುರಿಯನ್ನು ತಾನೇ ನೋಡಬಹುದು, ಯಾರನ್ನು ತಜ್ಞರಿಗೆ ಒಪ್ಪಿಸಲೇಬೇಕು ಎಂಬುದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಲಿಖಿತ ಪಟ್ಟಿಯಿದೆ. ರಕ್ತದೊತ್ತಡ ಏರಿದರೆ, ಅವಳಿ ಮಕ್ಕಳಿದ್ದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ ಆ ಪಟ್ಟಿಯ ಪ್ರಕಾರ ಆಕೆ ತಜ್ಞರ ಪಾಲಿಗೆ ಹೋಗುತ್ತಾಳೆ. ವಿಮೆಯ ನಿಯಮವೂ ಇದಕ್ಕೆ ಹೊಂದಿಕೊಂಡೇ ಇದೆ. ಮನೆಯಲ್ಲಿ ಹೆತ್ತರೆ ಖರ್ಚೆಲ್ಲ ವಿಮೆಯದು. ವೈದ್ಯಕೀಯ ಕಾರಣವಿಲ್ಲದೆ ಆಸ್ಪತ್ರೆಯಲ್ಲೇ ಹೆರುತ್ತೇನೆಂದರೆ ಒಂದು ಪಾಲನ್ನು ಕೈಯಿಂದ ಕೊಡಬೇಕು.

ನಾನು ಅಲ್ಲಿಗೆ ತಲುಪಿದಾಗ ಮಗಳ ಮಂಚದ ಕಾಲುಗಳ ಕೆಳಗೆ ಕಬ್ಬಿಣದ ಎತ್ತರಿಕೆಗಳನ್ನು ಇಟ್ಟಿದ್ದರು. ಮಿಡ್‌ವೈಫ್ ಮತ್ತು ಬಾಣಂತನದ ದಾದಿಯ ಸೊಂಟಕ್ಕೆ ತೊಂದರೆಯಾಗಬಾರದೆಂದು ಹಾಸಿಗೆ 80 ಸೆಂಟಿಮೀಟರ್ ಎತ್ತರವಿರಬೇಕು ಎಂಬುದು ಅಲ್ಲಿಯ ಕಟ್ಟಳೆ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ನೆಲದ ಮೇಲೆ ಮಂಡಿಯೂರಿ ಹೆರಿಗೆ ಮಾಡಿಸಿ ಸೊಂಟ ಕಳೆದುಕೊಂಡ ನಾನು ಆ ಮಂಚವನ್ನು ಸುಮ್ಮನೆ ನೋಡುತ್ತ ನಿಂತೆ. ಹೆರಿಗೆ ಮಾಡಿಸುವವಳ ಸೊಂಟದ ಬಗ್ಗೆ ಒಂದು ದೇಶ ಯೋಚಿಸಿದೆ ಎಂದರೆ, ಆ ಕೆಲಸವನ್ನು ಅದು ಎಷ್ಟು ದೊಡ್ಡದೆಂದು ಎಣಿಸಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಬೆಳಗಿನ ಜಾವ ನೋವು ಶುರುವಾಯಿತು. ಮಿಡ್‌ವೈಫ್ ಬಂದು ಮಗುವಿನ ಎದೆಬಡಿತ ಕೇಳಿ, ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರ್ ತೆರೆದಿದೆ, ಇನ್ನೂ ಹೊತ್ತಿದೆ, ಊಟ ಮಾಡಿ ಓಡಾಡಿಕೊಂಡಿರು ಎಂದು ಹೇಳಿ ಹೋದಳು. ಹನ್ನೊಂದಕ್ಕೆ ಮತ್ತೆ ಬಂದವಳು ಆಮೇಲೆ ಹೋಗಲಿಲ್ಲ. ಮಗಳು ನಡೆದಳು, ಬಿಸಿನೀರಿನ ಶವರಿನ ಕೆಳಗೆ ನಿಂತಳು, ಅಳಿಯನ ಕೊರಳಿಗೆ ಜೋತುಬಿದ್ದಳು, ಮಂಡಿಯೂರಿದಳು. ಮಿಡ್‌ವೈಫ್ ಹೆಚ್ಚೇನೂ ಮಾಡಲಿಲ್ಲ. ಮೂಲೆಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದಳು, ಆಗಾಗ ಎದ್ದು ಎದೆಬಡಿತ ಕೇಳುತ್ತಿದ್ದಳು, ನೋವು ಬಂದಾಗ ಮಗಳ ಬೆನ್ನಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಸಂಜೆ ನಾಲ್ಕಕ್ಕೆ ನೀರು ಒಡೆಯಿತು. ನೀರು ಹಸಿರಾಗಿತ್ತು, ಮಗು ಹೊಟ್ಟೆಯಲ್ಲೇ ಕಕ್ಕಸು ಮಾಡಿತ್ತು. ನನ್ನ ಎದೆ ಧಸಕ್ಕೆಂದಿತು. ಆಕೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಫೋನು ಮಾಡಿ, ಇದು ಇನ್ನು ನನ್ನ ಪಾಲಿನದಲ್ಲ ಎಂದು ಹೇಳಿ, ನಮ್ಮ ಜೊತೆಯಲ್ಲೇ ಬಂದಳು. ಹದಿನೈದು ನಿಮಿಷದಲ್ಲಿ ಮಗಳು ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಮಗುವಿನ ಎದೆಬಡಿತವನ್ನು ಯಂತ್ರದಿಂದ ಬಿಡದೆ ನೋಡುತ್ತಿದ್ದರು. ತಜ್ಞ ವೈದ್ಯೆ ಒಮ್ಮೆ ಬಂದು ನೋಡಿ, ಮಗು ಚೆನ್ನಾಗಿದೆ, ಕಾಯೋಣ ಎಂದರು. ರಾತ್ರಿ ಹತ್ತೂಮುಕ್ಕಾಲಿಗೆ ಮೊಮ್ಮಗಳು ಹುಟ್ಟಿದಳು. ಮಗು ಬರುವ ದಾರಿ ಅಗಲಿಸಲು ಕತ್ತರಿ ಹಾಕಲಿಲ್ಲ, ತಾನಾಗಿ ಹರಿದದ್ದಕ್ಕೆ ಎರಡು ಹೊಲಿಗೆ ಬಿತ್ತು. ಮರುದಿನ ಮಧ್ಯಾಹ್ನ ಮನೆಗೆ ಬಂದೆವು.

ಅದರ ನಂತರದ ಎಂಟು ದಿನಗಳ ವಿಷಯವನ್ನು ಕನ್ನಡದ ಓದುಗರು ವಿಶೇಷವಾಗಿ ತಿಳಿಯಬೇಕು. ಬಾಣಂತನವೆಂಬುದು ನಮ್ಮಲ್ಲಿ ಮಾತ್ರ ಇದೆ, ಫಾರಿನ್ನಿನವರಿಗೆ ಅದೆಲ್ಲ ಗೊತ್ತಿಲ್ಲ ಎಂದು ನಾವು ತಿಳಿದಿದ್ದೇವೆ. ಆ ದೇಶದಲ್ಲಿ ಬಾಣಂತನವು ವಿಮೆಯೊಳಗೇ ಸೇರಿದ ಸೇವೆ. ಅದಕ್ಕಾಗಿಯೇ ತರಬೇತಿ ಪಡೆದ ದಾದಿ ದಿನವೂ ಮನೆಗೆ ಬಂದು ಗಂಟೆಗಟ್ಟಲೆ ಇರುತ್ತಾಳೆ. ಬಾಣಂತಿಯ ಜ್ವರ, ಗರ್ಭಕೋಶ ಕುಗ್ಗುತ್ತಿರುವುದು, ಹೊಲಿಗೆ, ಎದೆಹಾಲು, ಮಗುವಿನ ತೂಕ, ಮೈ ಹಳದಿಯಾಗಿದೆಯೇ ಎಂಬುದು, ಇಷ್ಟನ್ನೂ ನೋಡಿ ಬರೆಯುತ್ತಾಳೆ. ಬಚ್ಚಲನ್ನೂ ತೊಳೆದು ಹೋಗುತ್ತಾಳೆ. ನಡುವೆ ಮಿಡ್‌ವೈಫ್ ಕೂಡ ಮನೆಗೇ ಬಂದು ನೋಡುತ್ತಾಳೆ. ನನ್ನ ಮತ್ತು ಆ ದಾದಿಯ ನಡುವೆ ಮೊದಲೆರಡು ದಿನ ಸ್ವಲ್ಪ ಬಿಗುವಿತ್ತು. ನನ್ನ ಎಣ್ಣೆನೀರನ್ನು ಆಕೆ ಅನುಮಾನದಿಂದ ನೋಡಿದಳು, ಆಕೆ ಕಿಟಕಿ ತೆರೆದಿಟ್ಟದ್ದನ್ನು ನಾನು ಮುಚ್ಚಿದೆ. ಮೂರನೆಯ ದಿನ ಮಗಳಿಗೆ ಹಾಲು ಕಟ್ಟಿ ಜ್ವರ ಬಂದಾಗ ಇಬ್ಬರೂ ಒಂದೇ ಕೆಲಸಕ್ಕೆ ಕೈಹಾಕಿದೆವು, ಬಿಗುವು ಅಲ್ಲಿಗೆ ಮುಗಿಯಿತು. ಆ ಊರಿನಲ್ಲಿ ಮಗು ಹುಟ್ಟಿದರೆ ನೋಡಲು ಬಂದವರಿಗೆ ಸಕ್ಕರೆ ಹಚ್ಚಿದ ಸೋಂಪಿನಂಥ ಕಾಳುಗಳನ್ನು ರಸ್ಕಿನ ಮೇಲೆ ಉದುರಿಸಿ ಕೊಡುತ್ತಾರೆ. ಆ ಕಾಳು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ಅವರಲ್ಲಿ ಹಿಂದಿನಿಂದ ಬಂದದ್ದಂತೆ. ಸಬ್ಬಸಿಗೆ ಮತ್ತು ಬೆಳ್ಳುಳ್ಳಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದ ನನಗೆ ಅದು ಬಹಳ ಹತ್ತಿರವೆನಿಸಿತು.

ನೆದರ್ಲೆಂಡ್ಸ್ ಸ್ವರ್ಗವೆಂದು ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. 1960ರ ದಶಕದಲ್ಲಿ ಅಲ್ಲಿ ಮೂರರಲ್ಲಿ ಎರಡು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಈಗ ಅದು ನೂರಕ್ಕೆ ಹದಿನೈದರ ಆಸುಪಾಸಿಗೆ ಇಳಿದಿದೆ. ಈ ಶತಮಾನದ ಮೊದಲ ದಶಕದಲ್ಲಿ ಯುರೋಪಿನ ದೇಶಗಳನ್ನು ಹೋಲಿಸಿದಾಗ, ಹುಟ್ಟುವ ಹೊತ್ತಿನಲ್ಲಿ ಸಾಯುವ ಶಿಶುಗಳ ಪ್ರಮಾಣ ನೆರೆಯ ಹಲವು ದೇಶಗಳಿಗಿಂತ ಅಲ್ಲಿ ಹೆಚ್ಚೆಂದು ಕಂಡುಬಂದು ದೊಡ್ಡ ಚರ್ಚೆಯೇ ನಡೆದಿತ್ತು. ಚೊಚ್ಚಲ ಹೆರಿಗೆಯವರಲ್ಲಿ ದೊಡ್ಡ ಪಾಲು ನನ್ನ ಮಗಳ ಹಾಗೆ ನಡುವೆಯೇ ಆಸ್ಪತ್ರೆಗೆ ಹೋಗುತ್ತಾರೆ. ಅದು ಪುಟ್ಟ ದೇಶ, ನೆಲ ಸಮತಟ್ಟು, ರಸ್ತೆ ನುಣುಪು. ಸಕಲೇಶಪುರದ ಘಟ್ಟದ ಅಂಚಿನ ಒಂಟಿ ಮನೆಗೆ ಅದನ್ನು ತಂದು ಕೂರಿಸಲಾಗುವುದಿಲ್ಲ. ಮನೆಯಲ್ಲೇ ಹೆರಿ ಎಂದು ಕರ್ನಾಟಕದ ಹೆಣ್ಣುಮಕ್ಕಳಿಗೆ ನಾನು ಎಂದೂ ಹೇಳುವುದಿಲ್ಲ. ಅಲ್ಲಿಯ ಮನೆಹೆರಿಗೆಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನೋವು ತಿನ್ನುವ ಹೆಣ್ಣನ್ನು ಬಿಟ್ಟು ಕದಲದೆ ಕುಳಿತ, ಕಾಯುವುದೇ ಕೆಲಸವೆಂದು ಕಲಿತ, ಅಪಾಯದ ಗುರುತು ಕಂಡ ಕೂಡಲೇ ಎದ್ದು ನಿಂತ ಆ ಒಬ್ಬಳು ಹೆಂಗಸು.

ಬೆಂಗಳೂರಿನಲ್ಲಿ ನನ್ನ ಸೊಸೆಗೆ ಅಂಥವರು ಯಾರೂ ಇರಲಿಲ್ಲ. ಒಂದು ಖಾಸಗಿ ಆಸ್ಪತ್ರೆಯಲ್ಲಿ, 38 ವಾರ ಮುಗಿದ ಮೇಲೆ, ನೀರು ಸ್ವಲ್ಪ ಕಡಿಮೆಯಿದೆ ಎಂದು ದಾಖಲು ಮಾಡಿಕೊಂಡರು. ರಾತ್ರಿ ನೋವಿಗೆ ಮಾತ್ರೆ, ಬೆಳಿಗ್ಗೆ ನೋವಿನ ಡ್ರಿಪ್. ಮಗುವಿನ ಎದೆಬಡಿತ ನೋಡುವ ಯಂತ್ರದ ಬೆಲ್ಟನ್ನು ಹೊಟ್ಟೆಗೆ ಕಟ್ಟಿದ್ದರಿಂದ ಎದ್ದು ಓಡಾಡುವಂತಿರಲಿಲ್ಲ. ಆಪರೇಷನ್ ಆದರೂ ಆಗಬಹುದೆಂದು ಗುಟುಕು ನೀರನ್ನೂ ಕೊಡಲಿಲ್ಲ. ಮಗನನ್ನು ಎರಡು ಸಲ ಐದೈದು ನಿಮಿಷ ಒಳಗೆ ಬಿಟ್ಟರು. ನಾನು ಮೂವತ್ತಮೂರು ವರ್ಷ ಇದೇ ಕೆಲಸ ಮಾಡಿದವಳು ಎಂದು ಹೇಳಿಕೊಂಡರೂ ನನ್ನನ್ನು ಬಿಡಲಿಲ್ಲ. ಒಳಗಿದ್ದ ಸಿಸ್ಟರ್ ಎಳೆಯ ಹುಡುಗಿ, ಒಳ್ಳೆಯವಳೇ, ಆದರೆ ಆಕೆಗೆ ಆ ದಿನ ನಾಲ್ಕು ಹಾಸಿಗೆಗಳಿದ್ದವು. ಸಂಜೆ ಆರಕ್ಕೆ ವೈದ್ಯರು ಬಂದು, ಪ್ರೋಗ್ರೆಸ್ ಇಲ್ಲ, ಮಗುವಿನ ಹಾರ್ಟ್‌ಬೀಟ್ ಇಳಿಯುತ್ತಿದೆ, ಸಹಿ ಮಾಡಿ ಎಂದರು. ಏಳೂಕಾಲಿಗೆ ಮೊಮ್ಮಗ ಹುಟ್ಟಿದ. ಹೊಲಿಗೆಗೆ ಕೀವು ಬಂದು ಸೊಸೆ ಇಪ್ಪತ್ತು ದಿನ ನರಳಿದಳು. "ಅತ್ತೆ, ಒಳಗೆ ನನಗೆ ಯಾರೂ ಏನೂ ಹೇಳಲಿಲ್ಲ, ನಾನು ಏನು ತಪ್ಪು ಮಾಡಿದೆ ಅಂತಲೇ ಗೊತ್ತಾಗಲಿಲ್ಲ" ಎಂದು ಅವಳು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆ ಆಪರೇಷನ್ ಬೇಕಾಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಸಂಜೆ ಆರರ ಹೊತ್ತಿಗೆ ಅದು ಬೇಕೇ ಆಗಿತ್ತೇನೋ. ನನ್ನ ಪ್ರಶ್ನೆ ಆರಕ್ಕೆ ಮುಂಚಿನ ಹನ್ನೆರಡು ಗಂಟೆಗಳ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಸಮಯದ ಆರೈಕೆಗೆ 56 ಶಿಫಾರಸುಗಳನ್ನು ಕೊಟ್ಟಿತು. ಬಾಯಿ ಐದು ಸೆಂಟಿಮೀಟರ್ ತೆರೆಯುವ ಮುನ್ನ ಚುರುಕಿನ ನೋವು ಶುರುವಾಯಿತೆಂದು ಎಣಿಸಬಾರದು, ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆಯೊಂದನ್ನೇ ಹಿಡಿದು ನೋವು ಹೆಚ್ಚಿಸಲು ಅವಸರಿಸಬಾರದು, ತೊಡಕಿಲ್ಲದ ಹೆಣ್ಣಿಗೆ ಕುಡಿಯಲು ತಿನ್ನಲು ಕೊಡಬೇಕು, ಎದ್ದು ಓಡಾಡಲು ಬಿಡಬೇಕು, ಎಲ್ಲರಿಗೂ ಕತ್ತರಿ ಹಾಕುವ ರೂಢಿ ಕೂಡದು, ಅವಳು ಬಯಸಿದವರೊಬ್ಬರು ಜೊತೆಗಿರಬೇಕು ಎಂಬವು ಅದರಲ್ಲಿವೆ. ಜೊತೆಗಿರುವುದು ಬರೀ ಸಮಾಧಾನದ ಮಾತಲ್ಲ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ, ಹೆರಿಗೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಅವಧಿಯೂ ತಗ್ಗುತ್ತದೆ.

ಈಗ ಅಂಕಿಗಳನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಂತೆ ದೇಶದಲ್ಲಿ ನೂರಕ್ಕೆ 21.5 ಹೆರಿಗೆಗಳು ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು 14.3, ಖಾಸಗಿಯಲ್ಲಿ 47.4. ಕರ್ನಾಟಕದಲ್ಲಿ ಅದರ ಹಿಂದಿನ ಸಮೀಕ್ಷೆಯಲ್ಲಿ 23.6 ಇದ್ದದ್ದು 31.5ಕ್ಕೆ ಏರಿತು. ತೆಲಂಗಾಣದಲ್ಲಿ 60.7, ನಾಗಾಲ್ಯಾಂಡಿನಲ್ಲಿ 5.2. ಹೆಂಗಸರ ಮೈಕಟ್ಟು ರಾಜ್ಯದಿಂದ ರಾಜ್ಯಕ್ಕೆ ಹನ್ನೆರಡು ಪಟ್ಟು ಬದಲಾಗುವುದಿಲ್ಲ, ಬದಲಾಗುವುದು ವ್ಯವಸ್ಥೆ. ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ಹೊರರೋಗಿಗಳು, ಆಪರೇಷನ್, ರಾತ್ರಿಯ ಹೆರಿಗೆ ಎಲ್ಲವೂ ಹೆಚ್ಚಾಗಿ ಒಬ್ಬರೇ ಪ್ರಸೂತಿ ವೈದ್ಯೆಯ ತಲೆಯ ಮೇಲಿರುತ್ತವೆ. ಆಕೆ ಒಬ್ಬ ಹೆಂಗಸಿನ ಪಕ್ಕದಲ್ಲಿ ಹದಿನಾಲ್ಕು ಗಂಟೆ ಕೂರಲಾರರು. ಅರಿವಳಿಕೆ ವೈದ್ಯರು ಸಂಜೆ ಸಿಗುತ್ತಾರೆ, ನಡುರಾತ್ರಿ ಸಿಗುವ ಖಾತರಿಯಿಲ್ಲ. ಹೆಚ್ಚುಕಡಿಮೆಯಾದರೆ ಆಸ್ಪತ್ರೆಯ ಗಾಜು ಒಡೆಯುವ ಜನರಿದ್ದಾರೆ. ಪಂಚಾಂಗ ನೋಡಿ ಒಳ್ಳೆಯ ನಕ್ಷತ್ರದಲ್ಲಿ ಮಗುವನ್ನು ತೆಗೆಸಿರೆಂದು ಕೇಳುವ ಮನೆಯವರೂ ನಮ್ಮಲ್ಲಿ ಕಡಿಮೆಯಿಲ್ಲ. ಇದರಲ್ಲಿ ನಮ್ಮ ಪಾಲನ್ನು ನಾವು ಒಪ್ಪಿಕೊಳ್ಳಬೇಕು. ಹೀಗಿರುವಾಗ ಕಾಯುವುದಕ್ಕಿಂತ ಕೊಯ್ಯುವುದು ಎಲ್ಲರಿಗೂ ಸುಲಭವಾಗುತ್ತದೆ, ಅದಕ್ಕೆ ದುರಾಸೆಯೇ ಬೇಕೆಂದಿಲ್ಲ.

ಬ್ರೆಜಿಲ್ ದೇಶ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋಗಿದೆ. ಅಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಸಿಸೇರಿಯನ್ನಿನಿಂದ ಹುಟ್ಟುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಕೊನೆಗೆ 2015ರಲ್ಲಿ ಅಲ್ಲಿಯ ಸರ್ಕಾರವು, ವೈದ್ಯರು ಮತ್ತು ಆಸ್ಪತ್ರೆಗಳ ಸಿಸೇರಿಯನ್ ಪ್ರಮಾಣವನ್ನು ಕೇಳಿದ ಗರ್ಭಿಣಿಗೆ ವಿಮಾ ಸಂಸ್ಥೆಗಳು ಕೊಡಲೇಬೇಕೆಂದೂ, ನೋವಿನ ಪ್ರಗತಿಯನ್ನು ದಾಖಲಿಸುವ ಪಾರ್ಟೋಗ್ರಾಮ್ ತುಂಬಬೇಕೆಂದೂ ನಿಯಮ ಮಾಡಿತು. ಅಮೆರಿಕದ್ದು ಇನ್ನೊಂದು ಬಗೆಯ ಪಾಠ. ಸಿಸೇರಿಯನ್ ನೂರಕ್ಕೆ 32ರಷ್ಟು, ಅಂದರೆ ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟೇ. ಖರ್ಚು ಜಗತ್ತಿನಲ್ಲೇ ಹೆಚ್ಚು. ಆದರೂ ಸಿರಿವಂತ ದೇಶಗಳ ಪೈಕಿ ತಾಯಂದಿರ ಸಾವು ಅಲ್ಲಿಯೇ ಜಾಸ್ತಿ, ಕಪ್ಪು ವರ್ಣದ ತಾಯಂದಿರಲ್ಲಂತೂ ಬಿಳಿಯರಿಗಿಂತ ಎರಡು ಮೂರು ಪಟ್ಟು. ಆ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆಯಾಗಿ ವಾರ ಕಳೆದ ಮೇಲೆ ಆಗುತ್ತವೆ ಎಂದು ಅಲ್ಲಿಯ ಸರ್ಕಾರದ ಪರಿಶೀಲನೆಯೇ ಹೇಳುತ್ತದೆ. ಎಂಟು ದಿನ ಮನೆಗೆ ಬರುವ ದಾದಿಯ ಬೆಲೆ ಏನೆಂಬುದು ನನಗೆ ಅರಿವಾದದ್ದು ಇದನ್ನು ಓದಿದ ಮೇಲೆ. ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯ 2006ರಿಂದ ಆಸ್ಪತ್ರೆಗಳನ್ನೆಲ್ಲ ಒಂದು ಕೂಟಕ್ಕೆ ಸೇರಿಸಿ, ರಕ್ತಸ್ರಾವಕ್ಕೆ ಏನೇನು ಸಿದ್ಧವಿರಬೇಕು, ರಕ್ತದೊತ್ತಡಕ್ಕೆ ಏನು ಮಾಡಬೇಕು ಎಂಬುದನ್ನು ಒಂದೇ ಕ್ರಮಕ್ಕೆ ತಂದು, ಪ್ರತಿ ಆಸ್ಪತ್ರೆಯ ಅಂಕಿಗಳನ್ನು ಅದಕ್ಕೇ ತೋರಿಸುತ್ತ ಬಂದಿತು. 2013ರ ಹೊತ್ತಿಗೆ ಅಲ್ಲಿ ತಾಯಂದಿರ ಸಾವು ಅರ್ಧಕ್ಕಿಂತ ಕೆಳಗಿಳಿದಿತ್ತು. ಮುಂದೆ ತೊಡಕಿಲ್ಲದ ಚೊಚ್ಚಲ ಹೆರಿಗೆಗಳಲ್ಲಿ ಸಿಸೇರಿಯನ್ 2014ರ 26ರಿಂದ 2019ರಲ್ಲಿ 22.8ಕ್ಕೆ ಬಂತು, ಮಕ್ಕಳಿಗೆ ಯಾವ ಕೇಡೂ ಆಗದೆ.

ಸಿಸೇರಿಯನ್ ಕಡಿಮೆ ಮಾಡಿ ಎಂದು ಮೇಲಿನಿಂದ ಆದೇಶ ಹೊರಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ಉದಾಹರಣೆಯನ್ನು ತಿಳಿಸಬೇಕು. ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಆಸ್ಪತ್ರೆಗಳ ಬಗ್ಗೆ ಹಿರಿಯ ಮಿಡ್‌ವೈಫ್ ಡೋನಾ ಆಕೆಂಡನ್ ಅವರ ವಿಚಾರಣಾ ವರದಿ 2022ರ ಮಾರ್ಚಿನಲ್ಲಿ ಬಂತು. ಎರಡು ದಶಕಗಳ ಅವಧಿಯಲ್ಲಿ ಸರಿಯಾದ ಆರೈಕೆ ಸಿಕ್ಕಿದ್ದರೆ 201 ಶಿಶುಗಳು ಬದುಕಬಹುದಿತ್ತು ಎಂದು ಅದು ಹೇಳಿತು. ಸಿಸೇರಿಯನ್ ಪ್ರಮಾಣ ಕಡಿಮೆಯಿರುವುದೇ ಹೆಮ್ಮೆ ಎಂದು ಎಣಿಸಿದ್ದು ಅಲ್ಲಿಯ ತಪ್ಪುಗಳಲ್ಲೊಂದು. ಬೇಕಾದಾಗಲೂ ಆಪರೇಷನ್ ಮಾಡದೆ ಕಾದರು, ಅಳುವ ತಾಯಂದಿರ ಮಾತು ಕೇಳಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಆರೋಗ್ಯ ಸೇವೆ, ಒಟ್ಟು ಸಿಸೇರಿಯನ್ ಪ್ರಮಾಣದಿಂದ ಆಸ್ಪತ್ರೆಯ ಗುಣವನ್ನು ಅಳೆಯುವುದನ್ನು ನಿಲ್ಲಿಸಿ ಎಂದು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ, ಜನಸಮುದಾಯದ ಮಟ್ಟದಲ್ಲಿ ನೂರಕ್ಕೆ 10ರ ಮೇಲೆ ಹೋದರೆ ತಾಯಿ ಮಕ್ಕಳ ಸಾವು ಇನ್ನಷ್ಟು ತಗ್ಗುವುದು ಕಾಣುವುದಿಲ್ಲ ಎಂದು 2015ರಲ್ಲಿ ಹೇಳಿದ ಕಡೆಯಲ್ಲೇ, ಒಂದು ಸಂಖ್ಯೆಯ ಬೆನ್ನು ಹತ್ತುವ ಬದಲು ಬೇಕಾದವಳಿಗೆ ಆಪರೇಷನ್ ಸಿಗುವಂತೆ ನೋಡಿಕೊಳ್ಳಿ ಎಂದಿದೆ.

ಬೇಕಾದವಳಿಗೆ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1994ರ ಮಳೆಗಾಲದಲ್ಲಿ ನನ್ನ ಉಪಕೇಂದ್ರದ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ನಾಲ್ಕನೆಯ ಹೆರಿಗೆಯವಳೊಬ್ಬಳಿಗೆ ಮಗು ಹುಟ್ಟಿ ಮಾಸು ಬೀಳಲಿಲ್ಲ. ನಾನು ತಲುಪುವಷ್ಟರಲ್ಲಿ ಕೆಳಗೆ ಹಾಸಿದ್ದ ಗೋಣಿತಾಟು ತೊಯ್ದು ಹೋಗಿತ್ತು. ಎತ್ತಿನ ಗಾಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಕಾಫಿ ತೋಟದ ಜೀಪಿನಲ್ಲಿ. ಹಾಸನ ಇನ್ನೂ ಎಂಟು ಮೈಲಿ ಇರುವಾಗ ನನ್ನ ತೊಡೆಯ ಮೇಲೆಯೇ ಅವಳು ತಣ್ಣಗಾದಳು. ಅವಳ ಹಿರಿಯ ಮಗಳು ಈಗ ಆಶಾ ಕಾರ್ಯಕರ್ತೆ. ಆಸ್ಪತ್ರೆ, ರಕ್ತ, ಆಪರೇಷನ್ ಇವುಗಳಿಗೆ ಬೆನ್ನು ತಿರುಗಿಸಿ ಸಹಜ ಹೆರಿಗೆಯನ್ನು ಹಾಡಿ ಹೊಗಳುವವರ ಸಾಲಿನಲ್ಲಿ ನಾನು ನಿಲ್ಲಲಾರದಿರುವುದು ಇದಕ್ಕೇ. 2005-06ರಲ್ಲಿ ದೇಶದಲ್ಲಿ ನೂರಕ್ಕೆ 38.7 ಹೆರಿಗೆಗಳಷ್ಟೇ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರಲ್ಲಿ 88.6. ಕರ್ನಾಟಕದಲ್ಲಿ 97. ಜನನಿ ಸುರಕ್ಷಾ, ತಾಯಿ ಕಾರ್ಡು, 108, ಆಶಾ ಕಾರ್ಯಕರ್ತೆಯರು, ಇವರೆಲ್ಲ ಸೇರಿ ಮಾಡಿದ ಕೆಲಸ ಸಣ್ಣದಲ್ಲ. ಹೀಗಿದ್ದೂ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು, ಕೇರಳದಲ್ಲಿ 19. ಆಪರೇಷನ್ನು ತಾನಾಗಿಯೇ ಕಾಪಾಡುವುದಿಲ್ಲ ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನಾವೆಲ್ಲ ಕಂಡೆವು.

ಹೆಣ್ಣುಮಕ್ಕಳನ್ನು ಆಸ್ಪತ್ರೆಯ ಬಾಗಿಲಿಗೆ ತಂದೆವು, ಒಳಗೆ ಅವರ ಪಕ್ಕದಲ್ಲಿ ಕೂರುವವರನ್ನು ಇಡಲಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರು ಬಿಟ್ಟುಹೋದ ಜಾಗದಲ್ಲಿ ಕೂರಬೇಕಾದವರು ನಾವೇ ಆಗಿದ್ದೆವು. ಎಎನ್ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎಂಬ ನಮ್ಮ ಹುದ್ದೆಯ ಕೊನೆಯ ಅಕ್ಷರ ಮಿಡ್‌ವೈಫ್ ಎಂಬುದರದ್ದು. ಆದರೆ 1977ರಲ್ಲಿ ನಮ್ಮ ತರಬೇತಿಯನ್ನು ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಸಿದಾಗ ಹೆರಿಗೆಯ ಪಾಠವೇ ಮೊದಲು ಕಿರಿದಾಯಿತು. ಆಮೇಲೆ ಸಂತಾನಶಕ್ತಿಹರಣದ ಗುರಿ, ಪೋಲಿಯೊ ಹನಿ, ಸಮೀಕ್ಷೆ, ರಿಜಿಸ್ಟರು, ಈಗ ಟ್ಯಾಬು. ಹೆರಿಗೆ ಕೈಬಿಟ್ಟುಹೋಯಿತು. ಆರೋಗ್ಯ ಕೇಂದ್ರದಲ್ಲಿ ಮೂವರು ಒಟ್ಟಿಗೆ ನೋವು ತಿನ್ನುತ್ತಿದ್ದ ರಾತ್ರಿಗಳಲ್ಲಿ, ಕೂಗಬೇಡ, ಸುಮ್ಮನೆ ಮಲಗು ಎಂದು ನಾನೂ ಗದರಿಸಿದ್ದೇನೆ. ಐಂಡ್‌ಹೋವನ್‌ನಲ್ಲಿ ಮಗಳ ಬೆನ್ನ ಮೇಲೆ ಆ ಹೆಂಗಸು ಅಂಗೈ ಇಟ್ಟಾಗ ಆ ಮುಖಗಳು ನೆನಪಾಗಿ ನಾನು ಅಡುಗೆಮನೆಗೆ ಹೋಗಿ ನಿಂತೆ.

ಇದು ಸಿರಿವಂತ ದೇಶಗಳಿಗೆ ಮಾತ್ರ ಸಾಧ್ಯ ಎನ್ನುವವರು ಶ್ರೀಲಂಕೆಯನ್ನು ನೋಡಬೇಕು. ಅಲ್ಲಿ ಸುಮಾರು ಮೂರು ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಸರ್ಕಾರಿ ಮಿಡ್‌ವೈಫ್ ಮನೆಮನೆಗೆ ಹೋಗುತ್ತಾಳೆ, ತಾಯಂದಿರ ಸಾವು ಎಷ್ಟೋ ವರ್ಷಗಳಿಂದ ನಮ್ಮದಕ್ಕಿಂತ ಬಹಳ ಕೆಳಗಿದೆ. ನಮ್ಮಲ್ಲಿ ಜಾಣ್ಮೆಯ ಕೊರತೆಯೂ ಇಲ್ಲ. ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಳತೆಯ ಬದಲು ಗೀಟುಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಅಳೆಯುವ ಹಾಳೆಯೊಂದನ್ನು ರೂಪಿಸಿದವರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಇದ್ದಾರೆ. ಅವರ ಅಧ್ಯಯನದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಎಎನ್ಎಂಗಳು, ನನ್ನ ಓರಗೆಯವರು, ಮಗು ಹುಟ್ಟಿದ ಕೂಡಲೇ ಮಾತ್ರೆ ಕೊಟ್ಟು ರಕ್ತಸ್ರಾವದ ಪ್ರಮಾಣವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿದರು, ಅದು 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂಥದೇ ಅಳತೆಯ ಹಾಳೆಯನ್ನೂ, ರಕ್ತ ಮಿತಿ ಮೀರಿದೊಡನೆ ಕೊಡಬೇಕಾದ ಚಿಕಿತ್ಸೆಯ ಒಟ್ಟು ಕಟ್ಟನ್ನೂ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ಕಡಿಮೆಯಾಗಿದ್ದವು. ಆ ಗೋಣಿತಾಟು ನನಗೆ ಮತ್ತೆ ನೆನಪಾಯಿತು.

ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿದೆ. ನರ್ಸುಗಳಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯ ಪೂರ್ಣ ಹೊಣೆ ಒಪ್ಪಿಸುವುದು ಅದರ ತಿರುಳು. ನೆರೆಯ ತೆಲಂಗಾಣ ಅದಕ್ಕೂ ಮೊದಲೇ, 2017ರಲ್ಲಿ, ಕರೀಂನಗರದಿಂದ ಶುರುಮಾಡಿತ್ತು. ಕಾಯಿಲೆ ಹೆಚ್ಚಿದ್ದ ಕಡೆಯೇ ಮದ್ದು ಮೊದಲು ಹುಡುಕಿದ್ದಾರೆ. ನಾನು ಓಡಾಡುವ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಗಳಲ್ಲಿ ಅಂಥ ಮಿಡ್‌ವೈಫನ್ನು ನಾನು ಇನ್ನೂ ಕಂಡಿಲ್ಲ. ರಾಜ್ಯ ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಆ ಹುದ್ದೆಯನ್ನೇ ಮಂಜೂರು ಮಾಡಬೇಕು, ಅವರನ್ನು ಬೇರೆ ವಾರ್ಡಿಗೆ ಎಳೆಯಬಾರದು. ಹೆರಿಗೆಗೆ ಜೊತೆಗಾರರನ್ನು ಒಳಗೆ ಬಿಡಬೇಕೆಂದು 2016ರಲ್ಲೇ ಕೇಂದ್ರದ ಸೂಚನೆ ಬಂದಿದೆ. ಎರಡು ಹಾಸಿಗೆಗಳ ನಡುವೆ ಒಂದು ಪರದೆ ಕಟ್ಟಿದರೆ ಅದು ನಾಳೆಯಿಂದಲೇ ಜಾರಿಯಾಗಬಲ್ಲದು. ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಡಾ. ಮೈಕೆಲ್ ರಾಬ್ಸನ್ 2001ರಲ್ಲಿ ರೂಪಿಸಿದ, ಹೆರುವವರನ್ನೆಲ್ಲ ಹತ್ತು ಗುಂಪುಗಳಾಗಿ ವಿಂಗಡಿಸುವ ಕ್ರಮದಲ್ಲಿ ತನ್ನ ಸಿಸೇರಿಯನ್ ಲೆಕ್ಕವನ್ನು ಪ್ರಕಟಿಸಬೇಕು. ಆಗ ತೊಡಕಿನವರನ್ನೇ ಹೆಚ್ಚು ನೋಡುವ ಜಿಲ್ಲಾಸ್ಪತ್ರೆಗೆ ಸುಮ್ಮನೆ ಕೆಟ್ಟ ಹೆಸರು ಬರುವುದಿಲ್ಲ; ಚೊಚ್ಚಲು, ದಿನ ತುಂಬಿದೆ, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ ಎಂಬಂಥವಳಿಗೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಆಪರೇಷನ್ ಆಗುತ್ತಿದೆ ಎಂಬುದು ಮಾತ್ರ ಬಯಲಾಗುತ್ತದೆ. ಕೇರಳದ ಪ್ರಸೂತಿ ತಜ್ಞರು 2004ರಿಂದ ಪ್ರತಿ ತಾಯಿಯ ಸಾವನ್ನೂ ಹೆಸರು ಮರೆಮಾಡಿ, ಯಾರನ್ನೂ ಶಿಕ್ಷಿಸದೆ, ಕಾರಣ ಹುಡುಕಿ ಪಾಠ ಕಲಿಯುತ್ತಿದ್ದಾರೆ. ನಮ್ಮಲ್ಲಿ ಸಾವಿನ ಪರಿಶೀಲನೆಯೆಂದರೆ ಕೆಳಗಿನ ನೌಕರಳಿಗೆ ನೋಟಿಸು. ಅಂಥ ನೋಟಿಸಿಗೆ 1994ರಲ್ಲಿ ನಾನು ಉತ್ತರ ಬರೆದಿದ್ದೇನೆ.

ನನ್ನ ಸೊಸೆಗೆ ಈಗ ಮತ್ತೆ ಐದನೆಯ ತಿಂಗಳು. ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದಿನದೂ ಸಿಸೇರಿಯನ್ನೇ ಎಂದು ಎಲ್ಲರೂ ಹೇಳುತ್ತಾರೆ. ತಕ್ಕವರನ್ನು ಆಯ್ದು, ಎಚ್ಚರದಿಂದ ನೋಡಿಕೊಂಡರೆ ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜ ಹೆರಿಗೆಯಾಗುತ್ತದೆ, ಸುಮಾರು ಇನ್ನೂರರಲ್ಲಿ ಒಬ್ಬಳಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿಚ್ಚುವ ಅಪಾಯವಿದೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ತಿಳಿಸುತ್ತದೆ. ಎರಡನ್ನೂ ತಿಳಿದು ಅವಳು ತೀರ್ಮಾನಿಸಲಿ ಎಂದು ಕಳೆದ ತಿಂಗಳು ಅವಳನ್ನು ಕರೆದುಕೊಂಡು ಬೆಂಗಳೂರಿನ ಮೂರು ಆಸ್ಪತ್ರೆಗಳಿಗೆ ಹೋದೆ. ಹೋದ ವರ್ಷ ನಿಮ್ಮಲ್ಲಿ ಹೀಗೆ ಪ್ರಯತ್ನಿಸಿದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರಿಗೆ ಸಹಜವಾಗಿ ಆಯಿತು ಎಂದು ಕೇಳಿದೆ. ಎರಡು ಕಡೆ ಅಂಥ ಲೆಕ್ಕ ಇಟ್ಟಿಲ್ಲ ಎಂದರು. ಮೂರನೆಯ ಕಡೆ ನಗುನಗುತ್ತಲೇ ಸಿಸೇರಿಯನ್ ಪ್ಯಾಕೇಜಿನ ದರಪಟ್ಟಿಯನ್ನು ಕೈಗೆ ಕೊಟ್ಟರು. ಅವಳ ದಿನ ತುಂಬಲು ಇನ್ನು ನಾಲ್ಕು ತಿಂಗಳಿದೆ, ನಾವು ಇನ್ನೂ ಕೇಳುತ್ತಿದ್ದೇವೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಹಾಸನ ಜಿಲ್ಲೆ